ಉತ್ತರ ಸೀಮೆಗೆ ತೊಂಬತ್ತು ಜೊತೆ ಬೂಟು

ಯಾರ್ ಎಂಬ ಊರು, ವೋಲ್ಗಾ ನದಿಯ ದಂಡೆ
29 ಜುಲೈ 1962

ಮಾನ್ಯ ಅಧ್ಯಕ್ಷ ಮಂಡಳಿಯೇ, ಐದು ಖಂಡಗಳಿಂದ ಬಂದು ನಮ್ಮ ಅಡುಗೆಮನೆಯಲ್ಲಿ ನೆರೆದಿರುವ ದುಡಿಯುವ ಜನಕೋಟಿಯೇ, ಒಲೆಯ ಮೇಲೆ ಮಲಗಿ ಈ ಮಹಾಸಭೆಗೆ ಬೆನ್ನು ತಿರುಗಿಸಿರುವ ಬೆಕ್ಕೇ!

ಉಣ್ಣೆ ಬೂಟಿನ ಕಾರ್ಯಾಗಾರದ ಹಿರಿಯ ಕೆಲಸಗಾರನೂ, ಅದರ ಗೋಡೆ ಪತ್ರಿಕೆಯ ಸಂಪಾದಕನೂ, ಆ ಪತ್ರಿಕೆಯ ಏಕೈಕ ಕವಿಯೂ ಆದ ಯೆವ್ಸೇಯ್ ಕುಜ್ಮಿಚ್ ಶುಬಿನ್ ಎಂಬ ನಾನು, ನನ್ನ ಮಗ ಸೈನಿಕ ಗ್ಲೆಬ್‌ನ ಕಾರ್ಡಿನ ಬಗ್ಗೆ ವರದಿ ಒಪ್ಪಿಸಲು ಎದ್ದು ನಿಂತಿದ್ದೇನೆ. (ಚಪ್ಪಾಳೆ. ನಿಮ್ಮಮ್ಮ ಸೌಟಿನಿಂದ ಪಾತ್ರೆ ಬಡಿದಳು. ಅದನ್ನೂ ಚಪ್ಪಾಳೆಗೇ ಸೇರಿಸಿದ್ದೇನೆ.)

ಕಾರ್ಡು ಬಂತು ಮಗನೇ. ಮೂರೇ ಸಾಲು. ಉತ್ತರ ಸೀಮೆಗೆ ಹೊರಟಿದ್ದೇವೆ, ಕುರಿ ತುಪ್ಪಳದ ಕೋಟು, ಉಣ್ಣೆ ಬೂಟು, ಹಿಮದಲ್ಲಿ ಜಾರುವ ಹಲಗೆ ಎಲ್ಲ ಕೊಟ್ಟಿದ್ದಾರೆ, ಚಿಂತೆ ಬೇಡ. ನಿಮ್ಮಮ್ಮ ಅದನ್ನು ನನ್ನ ಕೈಯಲ್ಲಿ ನಾಲ್ಕು ಸಲ ಓದಿಸಿದಳು.

"ಕುಜ್ಮಿಚ್, ಉತ್ತರ ಅಂದ್ರೆ ಬರೀ ಚಳಿ ತಾನೆ?"

"ಬರೀ ಚಳಿ ಉಸ್ತೀನ್ಯ."

"ಚಳಿ ಗುಂಡು ಹಾರ್ಸಲ್ಲ ತಾನೆ?"

"ಇವತ್ತಿನವರೆಗೂ ಹಾರ್ಸಿಲ್ಲ."

"ಹಂಗಾದ್ರೆ ಇರ್ಲಿ ಬಿಡು. ಮೂಗು ಸೋರಿದ್ರೆ ಒರೆಸ್ಕೋತಾನೆ."

ನೀನು ಹೋದ ಮೇಲೆ ಅವಳು ನಕ್ಕಿದ್ದು ಆವತ್ತೇ ಮೊದಲು. ಅವಳ ಮೂರು ಜನ ತಮ್ಮಂದಿರ ಚಿತ್ರ ಗೋಡೆಯ ಮೇಲಿರುವುದು ನಿನಗೆ ಗೊತ್ತು. ಮೂವರನ್ನೂ ಯುದ್ಧವೇ ಉಂಡಿತು. ಪಕ್ಕದಲ್ಲಿ ನಾಲ್ಕನೇ ಮೊಳೆ ಒಂದಿದೆಯಲ್ಲ, ಅದಕ್ಕೆ ಅವಳೀಗ ಈರುಳ್ಳಿ ಗೊಂಚಲು ನೇತುಹಾಕಿದ್ದಾಳೆ. ಅಲ್ಲಿ ಬೇರೇನೂ ತೂಗಬಾರದಂತೆ.

ಈಗ ಮುಖ್ಯ ವಿಷಯ. ನಿನಗೆ ಕೊಟ್ಟಿರುವ ಬೂಟಿನ ಒಳಗೆ ಕೈ ಹಾಕಿ ಹಿಮ್ಮಡಿ ಸವರಿ ನೋಡು. ಗಂಟು ಸಿಕ್ಕರೆ ಅದು ನಮ್ಮ ಬೂಟಲ್ಲ, ಹೊಳೆಯಾಚೆಯ ಕಾರ್ಯಾಗಾರದವರದು. ಈ ಅವಮಾನವನ್ನು ಊಟದ ವಿರಾಮದಲ್ಲಿ ಕಾರ್ಯಾಗಾರದ ಮುಂದಿಟ್ಟೆ. ಮುಖ್ಯಸ್ಥೆ ಕಪಿತೋಲಿನ ಆಂದ್ರೇಯೆವ್ನ ಬಾಯಲ್ಲಿದ್ದ ರೊಟ್ಟಿ ನುಂಗದೆಯೇ ಎದ್ದಳು. "ನಮ್ಮೂರ ಹುಡುಗ ಹೊಳೆಯಾಚೆ ಬೂಟಲ್ಲಿ ನಡುಗ್ಬೇಕಾ? ಯೋಜನೆಯ ಗುರಿ ಮೀರಿ ತೊಂಬತ್ತು ಜೊತೆ, ಅವನ ತುಕಡಿಗೆ, ನವೆಂಬರ್ ಕ್ರಾಂತಿ ಹಬ್ಬದೊಳಗೆ! ಯಾರು ವಿರೋಧ? ಯಾರೂ ಇಲ್ಲ. ಸರ್ವಾನುಮತ!" ಇನ್ನೂ ಯಾರೂ ಬಾಯಿ ತೆರೆದಿರಲಿಲ್ಲ. ಗೋಡೆ ಪತ್ರಿಕೆಯಲ್ಲಿ ನಾನು ಬರೆದದ್ದು ಇದು:

ಉಣ್ಣೆಯೂ ನಮ್ಮದು, ಉಗಿಯೂ ನಮ್ಮದು, ಉಬ್ಬಿದ ಎದೆಯೂ ನಮ್ಮದು;
ಉತ್ತರ ಸೀಮೆಯ ಚಳಿಗೆ ತಕ್ಕ ಉತ್ತರ ಕೊಡುವುದೂ ನಮ್ಮದು!

ಮೊದಲ ಮೂವತ್ತು ಜೊತೆ ಮುಂದಿನ ತಿಂಗಳೇ ಹೊರಡುತ್ತವೆ. ನಿನ್ನ ಜೊತೆಯನ್ನು ನಾನೇ ಮರದ ಕಾಲಚ್ಚಿಗೆ ಎಳೆಯುತ್ತಿದ್ದೇನೆ.

ಕ್ರಾಂತಿಕಾರಿ ವಂದನೆಗಳೊಂದಿಗೆ,
ನಿನ್ನ ತಂದೆ, ಸಂಪಾದಕ, ಕವಿ,
ಯೆವ್ಸೇಯ್ ಕುಜ್ಮಿಚ್

ಅಮ್ಮ ಹೇಳಿದ್ದು: ಕಿವಿ ಮುಚ್ಚಿಕೋ.


ಅಂಚೆ ಪೆಟ್ಟಿಗೆಯ ವಿಳಾಸ (ಊರ ಹೆಸರು ಬರೆಯುವ ಹಾಗಿಲ್ಲ)
ಉತ್ತರ ಸೀಮೆ
3 ಸೆಪ್ಟೆಂಬರ್ 1962

ಅಪ್ಪಾ, ಅಮ್ಮಾ,

ಇಲ್ಲಿ ಬಹಳ ಚಳಿ. ಮೊದಲೇ ಬರೆದುಬಿಟ್ಟೆ, ಏಕೆಂದರೆ ಹಿಂದಿನ ಪತ್ರದಲ್ಲಿ ಚಳಿ ಬರೆಯಲು ಮರೆತದ್ದಕ್ಕೆ ಕ್ಯಾಪ್ಟನ್ ಅದನ್ನು ಹರಿದುಹಾಕಿದರು. ಅವರು ನಮ್ಮ ಪತ್ರಗಳನ್ನೆಲ್ಲ ಓದುತ್ತಾರೆ. ಒಳ್ಳೆಯವರು. ದಕ್ಷಿಣದ ಒದೆಸ್ಸಾ ಕಡೆಯವರು, ಜನ್ಮದಲ್ಲಿ ಉತ್ತರ ಕಂಡವರಲ್ಲ, ಆದರೂ ಚಳಿಯ ಮೇಲೆ ಅವರಿಗಿರುವ ಶ್ರದ್ಧೆ ನೋಡಬೇಕು.

ನಾನು ಚೆನ್ನಾಗಿದ್ದೇನೆ. ಚಳಿಗೆ ಮೂಗಿನ ಸಿಪ್ಪೆ ಎರಡು ಸಲ ಸುಲಿಯಿತು, ಕುತ್ತಿಗೆ ತಾಮ್ರದ ಬಣ್ಣಕ್ಕೆ ತಿರುಗಿದೆ. ಮಧ್ಯಾಹ್ನ ಸಾಲಾಗಿ ನಿಂತರೆ ನೆರಳು ಬೂಟಿನ ಕೆಳಗೇ ಅಡಗಿ ಕೂರುತ್ತದೆ, ಅದಕ್ಕೂ ಚಳಿ ಇರಬೇಕು. ಇಲ್ಲಿ ಮರಗಳು ಕಡಿಮೆ. ಇರುವವಕ್ಕೂ ಕೊಂಬೆ ಇಲ್ಲ, ಎಲೆಯೆಲ್ಲ ಒಂದೇ ಕಡೆ, ತುತ್ತತುದಿಯಲ್ಲಿ.

ಉತ್ತರದ ಜನ ಒಳ್ಳೆಯವರು. ನಮ್ಮ ಪಾಳೆಯದ ಪಕ್ಕದಲ್ಲೇ ಒಬ್ಬ ಅಜ್ಜನ ಗುಡಿಸಲಿದೆ. ಬೆರಳಷ್ಟು ಲೋಟದಲ್ಲಿ ಕರಿ ಕಾಫಿ ಕೊಡುತ್ತಾನೆ. ಕುಡಿದರೆ ಟೋಪಿ ತಾನಾಗಿ ಮೇಲೇಳುತ್ತದೆ. ಸಂಜೆಯಾದರೆ ಅವನೂ ಅಜ್ಜಿಯೂ ಕುಣಿಯುತ್ತಾರೆ, ಚಳಿ ಓಡಿಸುವುದಕ್ಕೆ. ಅಜ್ಜನ ಮಾತು ನನಗೆ ಬರದು, ನನ್ನದು ಅವನಿಗೆ ಬರದು; "ಕಾಮ್ರೇಡ್" ಒಂದು ಇಬ್ಬರಿಗೂ ಬರುತ್ತದೆ. ಉಳಿದದ್ದಕ್ಕೆ ಕೈ ಇದೆ.

ಅಪ್ಪಾ, ಆ ತೊಂಬತ್ತು ಜೊತೆ ವಿಷಯ. ಕೈ ಮುಗಿಯುತ್ತೇನೆ, ಕಳಿಸಬೇಡ. ಇಲ್ಲಿ ಬೂಟಿಗೆ ಕೊರತೆ ಇಲ್ಲ. ಎಷ್ಟೆಂದರೆ, ಕೊಟ್ಟ ಉಣ್ಣೆ ಬೂಟನ್ನೇ ಇನ್ನೂ ಯಾರೂ ಮೆಟ್ಟಿಲ್ಲ. ಚಳಿ ಅಷ್ಟಿದ್ದರೂ ನಾವು ಗಟ್ಟಿಗರು ಅಂತ ಹೇಳು.

ಅಮ್ಮಾ, ಕಿವಿ ಮುಚ್ಚಿಕೊಂಡಿದ್ದೇನೆ.

ನಿಮ್ಮ ಮಗ,
ಗ್ಲೆಬ್


ಯಾರ್ ಊರು
23 ಸೆಪ್ಟೆಂಬರ್ 1962

ಸಮಸ್ತ ಭೂಮಂಡಲದ ಶ್ರಮಿಕರೇ, ವಿಶೇಷವಾಗಿ ಉತ್ತರ ಸೀಮೆಯಲ್ಲಿ ಕುಣಿಯುವ ಶ್ರಮಿಕರೇ!

ಸೈನಿಕ ಶುಬಿನ್‌ನ ಪತ್ರವನ್ನು ಈ ಸಭೆ ಗಮನವಿಟ್ಟು ಕೇಳಿತು. ನನಗೆ ಮಾತ್ರ ಒಂದು ಸಣ್ಣ ಸಂಶಯ. ನಾನು ನಲವತ್ತೊಂದನೇ ಇಸವಿಯಲ್ಲಿ ಅದೇ ಉತ್ತರದಲ್ಲಿ ಯುದ್ಧ ಮಾಡಿದವನು. ಕಾಲಿಗೆ ಗುಂಡು ಬಿದ್ದು ಮನೆಗೆ ಬಂದದ್ದರಿಂದಲೇ ನೀನು ಹುಟ್ಟಿದ್ದು. ಅಲ್ಲಿ ನಡು ಮಧ್ಯಾಹ್ನವೂ ಸೂರ್ಯ ನೆಲ ಬಿಟ್ಟು ಮೇಲೇಳಲು ಸೋಮಾರಿತನ ಮಾಡುತ್ತಾನೆ. ನೆರಳು ಮೂರಾಳುದ್ದ ಬೀಳುತ್ತದೆ. ನನ್ನ ನೆರಳು ನನಗಿಂತ ಮೊದಲೇ ಅಡುಗೆ ಗಾಡಿ ಮುಟ್ಟಿ ಸಾರಿಗೆ ಸಾಲು ಹಿಡಿಯುತ್ತಿತ್ತು. ನಿನ್ನದು ಬೂಟಿನ ಕೆಳಗೆ ಕೂರುತ್ತದಂತೆ. ಇರಲಿ. ನಮ್ಮ ಸರ್ಕಾರ ನದಿಗಳನ್ನೇ ತಿರುಗಿಸುತ್ತದೆ, ಸೂರ್ಯನನ್ನೂ ಸರಿಯಾದ ಜಾಗಕ್ಕೆ ಸರಿಸಿರಬಹುದು.

ಅಮ್ಮನಿಗೆ ಓದುವಾಗ ನೆರಳಿನ ಸಾಲನ್ನೂ ಮರದ ಸಾಲನ್ನೂ ಹಾರಿಸಿದೆ. ಅವಳಿಗೆ ಉತ್ತರ ಅಂದರೆ ಉತ್ತರವೇ. ಹಾಗೇ ಇರಲಿ, ತಿಳಿಯಿತೇ?

ನಮ್ಮ ಕಾರ್ಯಾಗಾರದ ಭೂಪಟ ನೆನಪಿದೆಯಲ್ಲ, ಕಪಿತೋಲಿನ ಕೆಂಪು ಗುಂಡುಸೂಜಿ ಚುಚ್ಚುವುದು? ಮೊನ್ನೆ ಅಮೆರಿಕದ ಗಲ್ಲದ ಕೆಳಗೆ ಕ್ಯೂಬಾ ಅಂತ ಒಂದು ಮೊಸಳೆ ಆಕಾರದ ದ್ವೀಪಕ್ಕೆ ಹೊಸ ಸೂಜಿ ಚುಚ್ಚಿದಳು. ಅಲ್ಲಿಯ ಜನವೂ ನಮ್ಮ ದಾರಿಗೇ ಬಂದರಂತೆ. ಶಾಲೆಯ ಮೇಷ್ಟರನ್ನು ಕೇಳಿದೆ, ಅಲ್ಲಿ ಮರಗಳು ಹೇಗಿರುತ್ತವೆ ಅಂತ. ಕೊಂಬೆ ಇಲ್ಲ, ಎಲೆಯೆಲ್ಲ ತುದಿಯಲ್ಲಿ ಅಂದರು. ಸುಮ್ಮನೆ ಕೇಳಿದೆ ಮಗನೇ, ಜ್ಞಾನಕ್ಕಾಗಿ.

ಆ ಸೂಜಿ ನೋಡಿ ನನಗೆ ಹತ್ತೊಂಬತ್ತನೇ ಇಸವಿಯ ಚಳಿಗಾಲ ನೆನಪಾಯಿತು. ಆಗ ನನಗೆ ಹದಿನೆಂಟು. ಅಪ್ಪನ ಜೊತೆ ಹಳ್ಳಿ ಹಳ್ಳಿ ತಿರುಗಿ, ಅವರವರ ಮನೆಯ ಉಣ್ಣೆಯಲ್ಲೇ ಅವರಿಗೆ ಬೂಟು ಮಾಡಿಕೊಡುವ ಕೆಲಸ. ಪಕ್ಷದ ಕಡೆಯಿಂದ ಚರ್ಮದ ಕೋಟಿನವನೊಬ್ಬ ಬಂದು ಜಾರುಬಂಡಿಯ ಮೇಲೆ ನಿಂತು ಎರಡು ಗಂಟೆ ಮಾತಾಡಿದ. ಕಣಜದ ಬಾಗಿಲಿಗೆ ಭೂಪಟ ಹೊಡೆದ. ಸುಗ್ಗಿಯೊಳಗೆ ಬರ್ಲಿನ್, ಆಲೂಗಡ್ಡೆ ಕೀಳುವುದರೊಳಗೆ ಪ್ಯಾರಿಸ್, ಹಿಮ ಬೀಳುವುದರೊಳಗೆ ಇಡೀ ಭೂಮಿ ನಮ್ಮ ಕಡೆ ಅಂದ. ನಮ್ಮಪ್ಪ ಅವನ ಕಾಲು ನೋಡಿ ನನ್ನ ಕಿವಿಯಲ್ಲಿ, "ಲೋ, ವಿಶ್ವಕ್ರಾಂತಿಯ ಹೆಬ್ಬೆರಳು ಹೊರಗೆ ಬಂದದೆ ಕಣೋ" ಅಂದ. ನಿಜ, ಬೂಟಿನ ತಳ ಹರಿದಿತ್ತು. ಆ ದಿನವೇ ಅಪ್ಪ ಒಂದು ಜೊತೆ ಮಾಡಿ ಸುಮ್ಮನೆ ಕೊಟ್ಟ. ನಾನು ಮಾತ್ರ ಅಳುತ್ತಿದ್ದೆ, ಖುಷಿಗೆ. ಓದಲು ಬರದವನು ನಾನು. ಆ ಮನುಷ್ಯನೇ ಮೂರು ವಾರ ಉಳಿದು ನನಗೆ ಅಕ್ಷರ ಕಲಿಸಿದ. ಊರಿಗೆ ಶಾಲೆ ಬಂತು, ದೀಪ ಬಂತು. ಬರ್ಲಿನ್ ಬರಲಿಲ್ಲ. ಬಂದಾಗ ತುಪಾಕಿ ಹಿಡಿದು ನಮ್ಮ ಮೇಲೇ ಬಂತು. ಆ ಕೋಟಿನವನು ಮುಂದೆ ಮೂವತ್ತೇಳರಲ್ಲಿ ಎಲ್ಲಿಗೆ ಹೋದನೆಂದು ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಬೂಟು ಕಳಿಸಬೇಡ ಅಂದಿದ್ದೀಯ. ತಡವಾಯಿತು. ಮೂವತ್ತು ಜೊತೆ ಹೊರಟಾಗಿದೆ. "ಕೊಟ್ಟ ಬೂಟನ್ನೂ ಮೆಟ್ಟದ ಗಟ್ಟಿಗರು" ಅನ್ನುವುದನ್ನು ಓದಿದಾಗ ಕಪಿತೋಲಿನ ಕಣ್ಣೊರೆಸಿಕೊಂಡಳು. "ಬೇರೆಯವರಿಗೆ ಉಳಿಸ್ತಿದಾನೆ ಮಗು! ತೊಂಬತ್ತಲ್ಲ, ನೂರೈವತ್ತು! ಯಾರು ವಿರೋಧ?" ನಾನು ಕೈ ಎತ್ತಿದೆ. ಒಪ್ಪಿಗೆಯ ಕಡೆ ಎಣಿಸಿಬಿಟ್ಟಳು.

ಕ್ರಾಂತಿಕಾರಿ ವಂದನೆಗಳೊಂದಿಗೆ,
ನಿನ್ನ ತಂದೆ, ನೆರಳಿನ ವಿಷಯದಲ್ಲಿ ತಜ್ಞ,
ಯೆವ್ಸೇಯ್ ಕುಜ್ಮಿಚ್


ಉತ್ತರ ಸೀಮೆ
14 ಅಕ್ಟೋಬರ್ 1962

ಅಪ್ಪಾ, ಅಮ್ಮಾ,

ಚಳಿ ಇದ್ದ ಹಾಗೇ ಇದೆ.

ಬೂಟು ಬಂತು. ಎರಡು ದೊಡ್ಡ ಪೆಟ್ಟಿಗೆ, ಮೇಲೆ ಕೆಂಪು ಬಣ್ಣದಲ್ಲಿ ಅಪ್ಪನ ಪದ್ಯ. ತುಕಡಿಯನ್ನೆಲ್ಲ ಸಾಲು ನಿಲ್ಲಿಸಿ ಪೆಟ್ಟಿಗೆ ಒಡೆಸಿದರು. ಲೆಫ್ಟಿನೆಂಟ್ ಒಂದು ಬೂಟು ಎತ್ತಿ, ಒಳಗೆ ಇಣುಕಿ, ಹಣೆ ಒರೆಸಿಕೊಂಡು ಕೇಳಿದರು:

"ಯಾರಪ್ಪಾ ಶುಬಿನ್?"

"ನಾನು, ಕಾಮ್ರೇಡ್ ಲೆಫ್ಟಿನೆಂಟ್."

"ನಿಮ್ಮಪ್ಪನಿಗೆ ನಮ್ಮ ಮೇಲೆ ಏನಾದ್ರೂ ಸಿಟ್ಟಾ?"

"ಇಲ್ಲ, ಪ್ರೀತಿ."

"ಸಿಟ್ಟಿದ್ದಿದ್ರೆ ವಾಸಿಯಿತ್ತು."

ಆದರೆ ಅಪ್ಪಾ, ಒಂದು ಬೂಟೂ ಹಾಳಾಗಿಲ್ಲ. ರೇಡಿಯೋ ಪೆಟ್ಟಿಗೆಗೆ ಒಂದು ಜೊತೆ ಸುತ್ತಿದ್ದೇವೆ. ಅಡುಗೆಯವನ ಕೋಳಿ ಒಂದರಲ್ಲಿ ಮೊಟ್ಟೆಗೆ ಕೂತಿದೆ, ಹೊರಗೆ ಬಾ ಅಂದರೆ ಕುಕ್ಕುತ್ತದೆ. ಉಳಿದವಕ್ಕೆ ನಾನೇ ಉಪಾಯ ಹೇಳಿದೆ. ಹುಲ್ಲು ಕೊಯ್ಲಿನಲ್ಲಿ ನೀನು ಮಾಡುತ್ತಿದ್ದೆಯಲ್ಲ, ಹಳೇ ಬೂಟನ್ನು ಒದ್ದೆ ಮಾಡಿ, ಒಳಗೆ ನೀರಿನ ಸೀಸೆ ಇಟ್ಟು, ಗಾಳಿ ಬೀಸುವ ಕಡೆ ಕೊಂಬೆಗೆ ತೂಗುಹಾಕುವುದು? ಹಾಗೆಯೇ ಇಡೀ ಪಾಳೆಯದಲ್ಲಿ ಬೂಟು ತೂಗುತ್ತಿವೆ. ಮಧ್ಯಾಹ್ನದ ಕೆಲಸ ಮುಗಿಸಿ ಒಂದು ಗುಟುಕು ಕುಡಿದರೆ ಆಹಾ! ಲೆಫ್ಟಿನೆಂಟ್ ಈಗ ನನ್ನನ್ನು ಕಂಡರೆ ನಗುತ್ತಾರೆ. ನಿನ್ನ ಕಾರ್ಯಾಗಾರಕ್ಕೆ ವಂದನೆ ಹೇಳಿದ್ದಾರೆ. (ಚಳಿಗೆ ನೀರು ಹೆಪ್ಪುಗಟ್ಟಬಾರದು ಅಂತ ಹೀಗೆ ಮಾಡುವುದು ಎಂದು ಸೇರಿಸಲು ಕ್ಯಾಪ್ಟನ್ ಹೇಳಿದ್ದಾರೆ. ಸೇರಿಸಿದೆ.)

ಪಕ್ಕದ ಅಜ್ಜ ಬಂದು ಒಂದು ಜೊತೆ ಬೇಕೆಂದು ಕೈ ಮಾಡಿದ. ಕೊಟ್ಟೆ. ಮೆಟ್ಟಿಕೊಂಡು ಹೆಂಡತಿಯ ಮುಂದೆ ನಾಲ್ಕು ಹೆಜ್ಜೆ ಕುಣಿದು ತೋರಿಸಿದ. ಕರಡಿ ಬಂತೆಂದು ಅಜ್ಜಿ ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದಳು. ಆಮೇಲೆ ಅಜ್ಜ ನನ್ನ ಪಕ್ಕ ಕೂತು, ನಾವು ಅಗೆಯುತ್ತಿರುವ ಗುಂಡಿಗಳ ಕಡೆಗೆ ಬೆರಳು ತೋರಿಸಿ, ಎರಡು ಕೈ ಕೆನ್ನೆಗಿಟ್ಟು ಕಣ್ಣು ಮುಚ್ಚಿದ. ನೀವು ಬಂದ ಮೇಲೆ ನನಗೆ ನಿದ್ದೆ ಬರುತ್ತದೆ ಅಂತ. ನನಗೆ ನಾಚಿಕೆಯಾಯಿತು. ಯಾಕೋ ಗೊತ್ತಿಲ್ಲ.

ಅಮ್ಮಾ, ಇಲ್ಲಿ ಚಳಿ ಬಿಟ್ಟರೆ ಬೇರೇನೂ ಇಲ್ಲ.

ನಿಮ್ಮ ಮಗ,
ಗ್ಲೆಬ್


ಯಾರ್ ಊರು
26 ಅಕ್ಟೋಬರ್ 1962

ಗ್ಲೇಬುಷ್ಕ,

ಇವತ್ತು ಸಭೆ ಇಲ್ಲ. ಸಭಿಕರಿಗೆ ಎಲೆಕೋಸಿನ ಕೆಲಸವಿದೆ.

ನಿಮ್ಮಮ್ಮ ಚಳಿಗಾಲಕ್ಕೆಂದು ನಲವತ್ತು ಕೋಸು ಹೆಚ್ಚಿ ಪೀಪಾಯಿಗೆ ಒತ್ತಿದಳು. ನಾನು ಉಪ್ಪು ಹಾಕುವವನು. ಒಂದು ಪೀಪಾಯಿಗೆ ಎರಡು ಸಲ ಉಪ್ಪು ಹಾಕಿದೆನಂತೆ. ಮೂವತ್ತೈದು ವರ್ಷದಲ್ಲಿ ಹೀಗಾಗಿರಲಿಲ್ಲ, ನಿನ್ನ ತಲೆ ಎಲ್ಲಿದೆ ಅಂದಳು. ಪದ್ಯದಲ್ಲಿದೆ ಅಂದೆ. "ನಿನ್ನ ಪದ್ಯಕ್ಕೂ ಉಪ್ಪು ಜಾಸ್ತಿ" ಅಂದಳು.

ರೇಡಿಯೋದಲ್ಲಿ ಆ ಕ್ಯೂಬಾ ದ್ವೀಪದ ಸುದ್ದಿ. ಅಮೆರಿಕದ ಯುದ್ಧದ ಹಡಗುಗಳು ಅದನ್ನು ಸುತ್ತುಗಟ್ಟಿವೆಯಂತೆ. ನಮ್ಮವರೂ ಬಗ್ಗುವುದಿಲ್ಲವಂತೆ. ಇಬ್ಬರ ಹತ್ತಿರವೂ ಇರುವ ಬಾಂಬಿನಲ್ಲಿ ಈ ಭೂಮಿಯನ್ನು ಎಷ್ಟು ಸಲ ಸುಡಬಹುದೆಂದು ಮೇಷ್ಟರು ಲೆಕ್ಕ ಹಾಕತೊಡಗಿದರು. ನಾನು ಎದ್ದು ಬಂದೆ. ಕಾರ್ಯಾಗಾರದಲ್ಲಿ ಯಾರೂ ಭೂಪಟದ ಕಡೆ ನೋಡುತ್ತಿಲ್ಲ. ಕಪಿತೋಲಿನಳೂ ನೋಡುತ್ತಿಲ್ಲ, ಅವಳೂ ತಾಯಿ. ಎಲ್ಲರೂ ತಲೆ ತಗ್ಗಿಸಿ ಉಣ್ಣೆ ಉರುಳಿಸುತ್ತಿದ್ದಾರೆ.

ಆ ದ್ವೀಪದ ಜನರ ಬಗ್ಗೆ ನನಗೆ ಕಾಳಜಿ, ಅಷ್ಟೇ. ಅಂತರರಾಷ್ಟ್ರೀಯ ಭಾವನೆ ಇರುವ ಯಾರಿಗಾದರೂ ಇರುತ್ತದೆ. ಮನೆಯಲ್ಲಿ ರೇಡಿಯೋದ ಒಂದು ತಂತಿ ಕಿತ್ತು, ಕೆಟ್ಟಿದೆ ಅಂದಿದ್ದೇನೆ. ಅಮ್ಮ ಕೇಳಿದಳು, "ಉತ್ತರದಲ್ಲಿ ಈಗ ಹಿಮ ಬಿದ್ದಿರ್ಬೇಕಲ್ವಾ?"

"ಬಿದ್ದಿರತ್ತೆ."

"ಬೆಚ್ಚಗಿರ್ತಾನೆ ಬಿಡು. ನಿನ್ನ ಬೂಟಿದೆ."

ನೀನು ಅಲ್ಲಿ ಚಳಿಯಲ್ಲಿ ಚೆನ್ನಾಗಿದ್ದೀಯ ಅಂತ ಒಂದು ಸಾಲು ಬರಿ. ಒಂದೇ ಸಾಲು ಸಾಕು. ಬೇಗ ಬರಿ.

ಯೆವ್ಸೇಯ್ ಕುಜ್ಮಿಚ್


ಉತ್ತರ ಸೀಮೆ
18 ನವೆಂಬರ್ 1962

ಅಪ್ಪಾ, ಅಮ್ಮಾ,

ಚಳಿಯಲ್ಲಿ ಚೆನ್ನಾಗಿದ್ದೇನೆ. ಕೈಕಾಲು, ಕಿವಿ, ಮೂಗು ಎಲ್ಲವೂ ಲೆಕ್ಕಕ್ಕೆ ಸರಿ. ಮೂಗಿಗೆ ಮಾತ್ರ ಮೂರನೇ ಸಿಪ್ಪೆ. ಮೊದಲೇ ಬರೆಯಬೇಕಿತ್ತು. ಹೋದ ತಿಂಗಳ ಕೊನೆಗೆ ಅಂಚೆ ಇರಲಿಲ್ಲ. ನಿದ್ದೆಯೂ ಇರಲಿಲ್ಲ. ಈಗ ಎರಡೂ ಇವೆ.

ಇಲ್ಲಿಯ ಕೆಲಸ ಮುಗಿಯಿತಂತೆ. ಆಗಸ್ಟಿನಲ್ಲಿ ಬೆನ್ನು ಮುರಿದು ಇಳಿಸಿದ್ದನ್ನೆಲ್ಲ ಈಗ ಬೆನ್ನು ಮುರಿದು ಹತ್ತಿಸುತ್ತಿದ್ದೇವೆ. ತೋಡಿದ ಗುಂಡಿ ಮುಚ್ಚುತ್ತಿದ್ದೇವೆ. ಹೊಸ ವರ್ಷದ ಹೊತ್ತಿಗೆ ಮನೆಯಲ್ಲಿರುತ್ತೇನೆ ಅಂತ ಲೆಫ್ಟಿನೆಂಟ್ ಅಂದಿದ್ದಾರೆ. ಅಮ್ಮಾ, ಕೋಸಿನ ಹೂರಣದ ಕಡುಬು ಮಾಡಿಡು. ಉಪ್ಪು ಕಡಿಮೆ ಇರುವ ಪೀಪಾಯಿಯದು.

ನಾವು ಹೊರಡುತ್ತೇವೆಂದು ಗೊತ್ತಾದ ಮೇಲೆ ಅಜ್ಜ ನಾಲ್ಕು ದಿನ ಬಾಗಿಲು ತೆಗೆಯಲಿಲ್ಲ. ಐದನೇ ದಿನ ನಾನೇ ಹೋದೆ. ನಮ್ಮಲ್ಲೊಬ್ಬನಿಗೆ ಈಗ ಅವರ ಭಾಷೆ ಬರುತ್ತದೆ, ಅವನನ್ನೂ ಕರೆದುಕೊಂಡು. ಅಜ್ಜ ನನ್ನ ಮುಖ ನೋಡದೆ ಹೇಳಿದ: "ದೊಡ್ಡವರಿಬ್ಬರು ಜಗಳ ಆಡಿದ್ರು, ದೊಡ್ಡವರಿಬ್ರೇ ರಾಜಿ ಆದ್ರು. ಮನೆ ನಂದು. ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ನನ್ನನ್ನೂ ಯಾರೂ ಕೇಳಲಿಲ್ಲ ಅಜ್ಜಾ ಅಂದೆ. ಆಗ ನಕ್ಕ. "ಹಂಗಾದ್ರೆ ಕೂತ್ಕೋ, ಕಾಫಿ ಕುಡಿ. ನಾವಿಬ್ರೂ ಒಂದೇ ಪಕ್ಷ." ಅಜ್ಜಿ ನಮ್ಮ ಬೂಟಿನಲ್ಲಿ ಈಗ ನೀರು ತಣ್ಣಗಿಡುತ್ತಾಳೆ. ಹೆಪ್ಪುಗಟ್ಟದಂತೆ ಇಡುತ್ತಾಳೆ, ಕ್ಷಮಿಸಿ.

ಅಪ್ಪಾ, ಒಂದು ತಮಾಷೆ. ಕಡತಗಳನ್ನು ಪೆಟ್ಟಿಗೆಗೆ ತುಂಬುವಾಗ ಗುಮಾಸ್ತ ನನ್ನ ಹಾಳೆ ನೋಡಿದನಂತೆ. ಏಪ್ರಿಲ್‌ನಲ್ಲಿ ನನ್ನ ಹೆಸರು ಇದ್ದದ್ದು ನಮ್ಮೂರ ಹತ್ತಿರದ ವೋಲ್ಗಾ ಸೇತುವೆಯ ಕಾವಲಿಗೆ! ಮನೆಯಿಂದ ಹನ್ನೊಂದು ಮೈಲಿ. ಭಾನುವಾರ ಅಮ್ಮನ ಕೈ ಊಟಕ್ಕೆ ಬರಬಹುದಿತ್ತು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ "ವಿಶೇಷ ಮನವಿಯ ಮೇರೆಗೆ" ಅಂತ ಬರೆದಿದೆಯಂತೆ. ಯಾರ ಮನವಿಯೋ! ಆ ಪುಣ್ಯಾತ್ಮ ಯಾರೆಂದು ಗೊತ್ತಾದರೆ ಒಂದು ಜೊತೆ ಬೂಟು ಬಹುಮಾನ ಕೊಡುತ್ತೇನೆ. ನಿಜ ಹೇಳಬೇಕೆಂದರೆ ಸಿಟ್ಟಿಲ್ಲ. ಕಾಣದ್ದನ್ನು ಕಂಡೆ, ಅಜ್ಜ ಸಿಕ್ಕ. ಆದರೆ ಅಕ್ಟೋಬರ್ ಕೊನೆಯಲ್ಲಿ ಒಂದು ನಾಲ್ಕು ದಿನ, ನಾವು ಗುಂಡಿಯಲ್ಲಿ ಕೂತು ಆಕಾಶ ನೋಡುತ್ತಿದ್ದಾಗ ಇದು ಗೊತ್ತಾಗಿದ್ದರೆ, ಅವನ ಬಗ್ಗೆ ಅಮ್ಮನ ಮುಂದೆ ಹೇಳಲಾಗದ ಮಾತು ಆಡುತ್ತಿದ್ದೆ. ಅಂಥ ಚಳಿ ಆವಾಗ.

ಕ್ಯಾಪ್ಟನ್ ಊರಿಗೆ ಹೊರಡುವ ಖುಷಿಯಲ್ಲಿ ಈ ಪತ್ರ ಓದುವುದಿಲ್ಲವಂತೆ. ಆದರೂ ಚಳಿ ಬರೆದಿದ್ದೇನೆ. ಅಭ್ಯಾಸವಾಗಿಬಿಟ್ಟಿದೆ.

ನಿಮ್ಮ ಮಗ,
ಗ್ಲೆಬ್


ಯಾರ್ ಊರು
9 ಡಿಸೆಂಬರ್ 1962

ಮಾನ್ಯ ಅಧ್ಯಕ್ಷ ಮಂಡಳಿಯೇ, ಉಸಿರಾಡುತ್ತಿರುವ ಸಮಸ್ತ ಜನಕೋಟಿಯೇ! (ದೀರ್ಘ ಚಪ್ಪಾಳೆ. ಎಲ್ಲರೂ ಎದ್ದು ನಿಂತರು. ಬೆಕ್ಕು ಕೂಡ.)

ನಮ್ಮ ಕಾರ್ಯಾಗಾರಕ್ಕೆ ಜಿಲ್ಲೆಯ ಕೆಂಪು ಬಾವುಟ ಬಂತು. ಯೋಜನೆ ಮೀರಿ ನೂರೈವತ್ತು ಜೊತೆ, ಉತ್ತರ ಸೀಮೆಯ ಯೋಧರಿಗೆ. ಕಪಿತೋಲಿನ ಭಾಷಣ ಮಾಡುತ್ತ, ನಮ್ಮ ಬೂಟು ಕೋಳಿಗೂ ಆಸರೆಯಾಯಿತು ಅಂತ ಹೇಳಿ, ಅದರ ಅರ್ಥ ತನಗೇ ಹೊಳೆಯದೆ ತಾನೇ ಚಪ್ಪಾಳೆ ಶುರುಮಾಡಿದಳು. ಆಮೇಲೆ ನನ್ನನ್ನು ಮೂಲೆಗೆ ಕರೆದು ಕೇಳಿದಳು:

"ಕುಜ್ಮಿಚ್, ಹೆಪ್ಪುಗಟ್ಟಬಾರ್ದು ಅಂತ ಯಾರಾದ್ರೂ ಬೂಟನ್ನ ಒದ್ದೆ ಮಾಡಿ ಗಾಳಿಗೆ ಕಟ್ತಾರಾ?"

"ಉತ್ತರದವರ ಪದ್ಧತಿ ಆಂದ್ರೇಯೆವ್ನ."

"ಹೂಂ. ನಾನೂ ನಲವತ್ತು ವರ್ಷದಿಂದ ಬೂಟು ಮಾಡ್ತಿದೀನಿ ಕಣಯ್ಯ." ಅಷ್ಟೇ ಅಂದಳು. ಬಾವುಟವನ್ನು ಭೂಪಟದ ಮೇಲೆ, ಅದು ಪೂರಾ ಮುಚ್ಚಿಹೋಗುವ ಹಾಗೆ ನೇತುಹಾಕಿದಳು.

ನಿನ್ನ ಪತ್ರ ಬಂದ ದಿನ ನಿಮ್ಮಮ್ಮ ಅದನ್ನು ನನ್ನ ಕೈಯಲ್ಲೇ ಬೀದಿಯವರಿಗೆಲ್ಲ ಓದಿಸಿದಳು. ಹೊಸ ವರ್ಷಕ್ಕೆ ಬರುತ್ತಾನೆ, ಬೆಚ್ಚಗೆ ಬರುತ್ತಾನೆ ಅಂತ ಬಾವಿಕಟ್ಟೆಯಲ್ಲಿ ಮೂರು ಸಲ ನೀರು ಸೇದಿದಳು, ಬೇಕಿಲ್ಲದಿದ್ದರೂ. ಹಿಟ್ಟು ಆಗಲೇ ತೆಗೆದಿಟ್ಟಿದ್ದಾಳೆ. ನಾನೂ ಹಾಡು ಕಟ್ಟಿದೆ:

ಬರಲಿ ಮಗನು, ತರಲಿ ನಗೆಯ, ಇರಲಿ ಮನೆಯ ಬಾಗಿಲು;
ಚಳಿಯ ನಾಡು ದಾಟಿ ಬಂದ

ಇಲ್ಲಿ ನಿಂತಿದ್ದೇನೆ. ಮೂರು ದಿನವಾಯಿತು, ಮುಂದಿನ ಪದ ಸಿಗುತ್ತಿಲ್ಲ. ಬಾಗಿಲಿಗೆ ಪ್ರಾಸ ಸಿಗದೆ ಅಲ್ಲ. ಆ ಪ್ರಾಸವನ್ನು ನಾನು ಒಂದು ಸಲ ಬಳಸಿ ಆಗಿದೆ.

ಅಮ್ಮನಿಗೆ ಓದುವಾಗ ಸೇತುವೆಯ ಸಾಲು ಹಾರಿಸಿದೆ. ಅವಳು, "ಅಷ್ಟೇನಾ?" ಅಂದಳು. "ಅಷ್ಟೇ" ಅಂದೆ. ನೆರಳಿನ ಸಾಲನ್ನು ಸಲೀಸಾಗಿ ಹಾರಿಸಿದ್ದೆ. ಈ ಸಲ ಕೆಮ್ಮಬೇಕಾಯಿತು.

ಮಗನೇ, ನೀನು ಮನೆಗೆ ಬಂದು ಎದುರು ಕೂತ ಮೇಲೆ ನಾನಿದನ್ನು ಹೇಳುವವನಲ್ಲ. ಸಭೆ ಕರೆಯುತ್ತೇನೆ, ಜನಕೋಟಿಯನ್ನು ಕೂಗುತ್ತೇನೆ, ನೀನು ನಗುತ್ತೀಯ, ಅಲ್ಲಿಗೆ ಮುಗಿಯುತ್ತದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಜನಕೋಟಿ ಎದ್ದು ಮನೆಗೆ ಹೋಗಲಿ.

ಏಪ್ರಿಲ್ ಹನ್ನೊಂದನೇ ತಾರೀಕು ಸೈನ್ಯಕ್ಕೆ ಆರಿಸುವ ಕಚೇರಿಗೆ ಒಂದು ಮನವಿ ಹೋಯಿತು. ಸೇತುವೆಯ ಕಾವಲಿಗೆ ನಿನ್ನ ಹೆಸರು ಬಂದಿರುವುದು ಅಲ್ಲಿಯ ಗುಮಾಸ್ತನ ಬಾಯಿಂದ ನನಗೆ ಗೊತ್ತಾಗಿತ್ತು. ಬೇರೆಯವರ ಮಕ್ಕಳು ದೂರ ದೂರದ ಗಡಿಗೆ ಹೊರಟಾಗಲೆಲ್ಲ ರೈಲು ನಿಲ್ದಾಣದಲ್ಲಿ ನಿಂತು ಪದ್ಯ ಓದಿದವನು ನಾನು. ಆ ತಾಯಂದಿರ ಮುಂದೆ ಚಪ್ಪಾಳೆ ತಟ್ಟಿಸಿಕೊಂಡವನು. ನನ್ನವನು ಮನೆ ಹತ್ತಿರ ಸೇತುವೆ ಕಾಯುತ್ತ ಕೂತರೆ ಅಷ್ಟೂ ಪದ್ಯ ಸುಳ್ಳಾಗುತ್ತದೆ ಅನ್ನಿಸಿತು. ಮನವಿಯನ್ನೂ ಪದ್ಯದಲ್ಲೇ ಬರೆದೆ:

ಸೇತುವೆ ಕಾಯಲು ಮುದುಕರಿದ್ದಾರೆ, ಕೈಗೆ ಕೊಡಿ ಕೋಲು;
ನನ್ನ ಮಗನು ಕಾಯಲಿ ಇಡೀ ಭೂಮಂಡಲದ ಬಾಗಿಲು!

ಜೀವಮಾನದಲ್ಲಿ ನನ್ನ ಪದ್ಯವನ್ನು ಮೇಲಿನವರು ಓದಿ, ಮೆಚ್ಚಿ, ಹೇಳಿದ ಹಾಗೆಯೇ ಮಾಡಿದ್ದು ಅದೊಂದೇ ಸಲ.

ಆ ಬಿಸಿಲಿಗೆ ನಿನ್ನನ್ನು ಕಳಿಸಿದವನು ನಾನು. ಅಮ್ಮನಿಗೆ ಗೊತ್ತಿಲ್ಲ.

ಅಪ್ಪ